ಹೊಂಗೆ ಚಿಗುರುವ ಹೊತ್ತಿಗೆ ಒಂದರಿಂದ ಐದನೇ ಕ್ಲಾಸಿನ ಮಕ್ಕಳಿಗೆ ಏನೇನು ಚಟುವಟಿಕೆ ಮಾಡಿಸಬಹುದು?

ಹೊಂಗೆಮರದ ಟೀಚರ್ · ಜನವರಿ 27

ಎಲ್ಲರಿಗೂ ನಮಸ್ಕಾರ. ಹಿರಿಯೂರು ಕಡೆಯ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಒಂದರಿಂದ ಐದರವರೆಗೆ 26 ಮಕ್ಕಳು, ಇಬ್ಬರು ಟೀಚರು. ವಸಂತ ಋತುವಿನ ಮೇಲೆ ಒಂದಿಷ್ಟು ಚಟುವಟಿಕೆ ಮಾಡಿಸಬೇಕು ಅಂತ ಆಸೆ.

ಹೋದ ವರ್ಷ ನೆಟ್‌ನಲ್ಲಿ ಹುಡುಕಿ ಕೆಲವು ವರ್ಕ್‌ಶೀಟ್ ಪ್ರಿಂಟ್ ಹಾಕಿಸಿದ್ದೆ. ಟುಲಿಪ್ ಹೂವು, ಬುಟ್ಟಿ ತುಂಬ ಬಣ್ಣದ ಮೊಟ್ಟೆ, ಕರಗುತ್ತಿರುವ ಹಿಮದ ಗೊಂಬೆ. ಮಕ್ಕಳು ಖುಷಿಯಿಂದಲೇ ಬಣ್ಣ ಹಚ್ಚಿದರು. ಆಮೇಲೆ ಮೂರನೇ ಕ್ಲಾಸಿನ ಒಬ್ಬ ಹುಡುಗ ಕೇಳಿದ: "ಮಿಸ್, ಈ ಹೂವು ನಮ್ಮೂರಲ್ಲಿ ಯಾರ ತೋಟದಲ್ಲಿದೆ?" ಕಿಟಕಿ ಆಚೆ ನಮ್ಮ ಹೊಂಗೆ ಮರ ಪೂರ್ತಿ ಚಿಗುರಿ ನಿಂತಿತ್ತು. ಒಂದು ದಿನವೂ ನಾನು ಮಕ್ಕಳನ್ನು ಅದರ ಬುಡಕ್ಕೆ ಕರೆದುಕೊಂಡು ಹೋಗಿರಲಿಲ್ಲ. ಆ ಪ್ರಶ್ನೆ ಇವತ್ತಿಗೂ ಮನಸ್ಸಿನಲ್ಲಿ ಕೂತಿದೆ.

ಇನ್ನೊಂದು ತೊಡಕು. ಚೈತ್ರ, ವೈಶಾಖ ವಸಂತ ಅಂತ ಪುಸ್ತಕದಲ್ಲಿದೆ. ಚೈತ್ರ ಬರುವಷ್ಟರಲ್ಲಿ ಪರೀಕ್ಷೆ ಮುಗಿದಿರುತ್ತದೆ, ಏಪ್ರಿಲ್ ಹತ್ತರ ಹೊತ್ತಿಗೆ ಬೇಸಿಗೆ ರಜೆ. ವೈಶಾಖದಲ್ಲಿ ಶಾಲೆಗೆ ಬೀಗ. ಹಾಗಾದರೆ ಯಾವಾಗ ಶುರು ಮಾಡಬೇಕು? ದುಡ್ಡು ಖರ್ಚಿಲ್ಲದ, ನಮ್ಮ ನೆಲದ ಚಟುವಟಿಕೆ ಇದ್ದರೆ ದಯವಿಟ್ಟು ಹೇಳಿ.

ನಿವೃತ್ತ ಮೇಷ್ಟ್ರು, ತುಮಕೂರು · ಜನವರಿ 27

ನಾಳೆಯೇ ಶುರು ಮಾಡಿ. ಚೈತ್ರಕ್ಕೆ ಕಾಯಬೇಡಿ. ನಮ್ಮ ಕಡೆ ವಸಂತ ಹೂವಿನಿಂದ ಶುರುವಾಗುವುದಿಲ್ಲ, ಎಲೆ ಉದುರುವುದರಿಂದ ಶುರುವಾಗುತ್ತದೆ. ಮಗು ಮೊದಲು ಬೋಳು ಕೊಂಬೆ ನೋಡಿರಬೇಕು. ಆಗಲೇ ಚಿಗುರು ಅಂದರೆ ಏನು ಅಂತ ಗೊತ್ತಾಗುವುದು.

ನಾನು ಮಾಡಿಸುತ್ತಿದ್ದುದು ಇಷ್ಟೇ. ಇಬ್ಬಿಬ್ಬರು ಮಕ್ಕಳಿಗೆ ಕೈಗೆ ಎಟಕುವ ಒಂದು ರೆಂಬೆ. ಅದಕ್ಕೆ ಬಣ್ಣದ ದಾರ ಸಡಿಲವಾಗಿ ಕಟ್ಟಬೇಕು. ಬಿಗಿದರೆ ರೆಂಬೆ ದಪ್ಪ ಆದಾಗ ಕಚ್ಚಿಕೊಳ್ಳುತ್ತದೆ. ಸೋಮವಾರ ಮತ್ತು ಗುರುವಾರ, ಪ್ರಾರ್ಥನೆಗೆ ಮುಂಚೆ ಹತ್ತು ನಿಮಿಷ, ತಮ್ಮ ತಮ್ಮ ರೆಂಬೆ ನೋಡಿ ಬರಬೇಕು. ಹಳೇ ಎಲೆ ಎಷ್ಟು ಉಳಿದಿದೆ? ಮೊಗ್ಗು ಎಷ್ಟು? ಹುಳ, ಇರುವೆ, ಜೇನು ಏನಾದರೂ ಇದೆಯಾ? ಬರೆಯಲು ಬರದ ಮಕ್ಕಳು ಚಿತ್ರ ಬಿಡಿಸಲಿ. ನಾವು ಉತ್ತರ ಹೇಳಿಕೊಡುವ ಹಾಗಿಲ್ಲ, ಅದೊಂದೇ ನಿಯಮ.

'ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಓಡಿ ಹೋಗುತ್ತೆ' ಅಂತ ಮನೆಯಲ್ಲಿ ಅಜ್ಜಿಯರು ಹೇಳುತ್ತಾರಲ್ಲ, ಅದನ್ನೂ ನೋಟ್‌ಬುಕ್ಕಿನಲ್ಲಿ ಪರೀಕ್ಷೆ ಮಾಡಿಸಿ. ಬೆಳಿಗ್ಗೆ ಯಾರು ಯಾರು ಸ್ವೆಟರ್ ಹಾಕಿಕೊಂಡು ಬಂದರು ಅಂತ ದಿನಾ ಎಣಿಸಿದರೆ ಸಾಕು. ಥರ್ಮಾಮೀಟರ್ ಬೇಡ.

ಎರಡನೇ ಕ್ಲಾಸಿನ ಮಿಸ್ · ಜನವರಿ 28

ಕೇಳಲು ಚೆನ್ನಾಗಿದೆ. ಆದರೆ ಸಮಯ ಎಲ್ಲಿದೆ ಹೇಳಿ? ಫೆಬ್ರವರಿ, ಮಾರ್ಚ್ ಅಂದರೆ ಪುನರಾವರ್ತನೆ, ಮೌಲ್ಯಾಂಕನ, ಅದರ ಮೇಲೆ ಆನ್‌ಲೈನ್‌ನಲ್ಲಿ ತುಂಬಬೇಕಾದ ಮಾಹಿತಿ. ನನ್ನ ಕ್ಲಾಸಿನಲ್ಲಿ ಇನ್ನೂ ಆರು ಮಕ್ಕಳಿಗೆ ಒತ್ತಕ್ಷರ ಓದಲು ಬರುವುದಿಲ್ಲ. ಮರ ನೋಡಿಸುತ್ತಾ ಕೂತರೆ ಆ ಆರು ಮಕ್ಕಳಿಗೆ ನಾನು ಅನ್ಯಾಯ ಮಾಡಿದ ಹಾಗೆ ಆಗುವುದಿಲ್ವಾ? ಬೇಜಾರಿನಿಂದ ಹೇಳುತ್ತಿಲ್ಲ, ನಿಜವಾಗಿಯೂ ಕೇಳುತ್ತಿದ್ದೇನೆ.

ನಲಿಕಲಿ ಟೀಚರ್, ಎಚ್.ಡಿ.ಕೋಟೆ · ಜನವರಿ 28

ಮಿಸ್, ನಿಮ್ಮ ಪ್ರಶ್ನೆ ಸರಿಯಾಗಿದೆ. ಆಡುತ್ತಾ ಕಲಿಸುವ ನಲಿಕಲಿ ಪದ್ಧತಿ 1995ರಲ್ಲಿ ಶುರುವಾದ ತಾಲ್ಲೂಕಿನವಳು ನಾನು. ಆಟ ಬೇರೆ, ಪಾಠ ಬೇರೆ ಅಂತ ನಾವು ಯಾವತ್ತೂ ನೋಡಿಲ್ಲ. ಆ ಆರು ಮಕ್ಕಳಿಗೇ ಮರ ಜಾಸ್ತಿ ಬೇಕು ಅನ್ನುತ್ತೇನೆ.

ಒತ್ತಕ್ಷರಕ್ಕೆ ಒಂದು ಉಪಾಯ. ಮರದ ಕೆಳಗೆ ಸಿಕ್ಕಿದ್ದನ್ನೆಲ್ಲ ಒಂದು ಗೋಣಿಚೀಲದ ಮೇಲೆ ಹರಡಿ. ಒಂದೊಂದರ ಪಕ್ಕಕ್ಕೂ ಚೀಟಿ. ಕಡ್ಡಿ, ತೊಟ್ಟು, ಮೊಗ್ಗು, ಹಣ್ಣೆಲೆ, ಸಿಪ್ಪೆ, ಮಣ್ಣು. ನೋಡಿ, ಒತ್ತಕ್ಷರ ಎಷ್ಟು ಬಂತು! 'ಮೊಗ್ಗು' ಅನ್ನುವ ಪದವನ್ನು ಮೊಗ್ಗು ಕೈಯಲ್ಲಿ ಹಿಡಿದು ಓದಿದ ಮಗು ಮರೆಯುವುದಿಲ್ಲ.

ಗಣಿತಕ್ಕೆ ಇನ್ನೂ ಚೆನ್ನಾಗಿದೆ. ಹೊಂಗೆಯ ಒಂದು ಕಡ್ಡಿ ತೆಗೆದುಕೊಳ್ಳಿ. ಎದುರು ಬದುರು ಎರಡೆರಡು ಎಲೆ, ತುದಿಗೆ ಒಂಟಿ ಎಲೆ. ಐದು ಇರುತ್ತದೆ, ಇಲ್ಲ ಏಳು. ಮುತ್ತುಗಕ್ಕೆ ಮೂರು. ಹುಣಸೆಯಲ್ಲಿ ಪುಟ್ಟ ಪುಟ್ಟ ಎಲೆ ಜೋಡಿ ಜೋಡಿಯಾಗಿಯೇ ಮುಗಿಯುತ್ತದೆ, ತುದಿಗೆ ಒಂಟಿ ಎಲೆ ಇಲ್ಲ. ಬೆಸ ಸಂಖ್ಯೆ, ಸಮ ಸಂಖ್ಯೆ ಎರಡೂ ಕೊಂಬೆಯಲ್ಲೇ ಇದೆ ಅಲ್ವಾ? ಮಕ್ಕಳು ಐದಕ್ಕೆ ಬದಲು ನಾಲ್ಕು ಎಲೆಯ ಹೊಂಗೆ ಕಡ್ಡಿ ತಂದರೆ ಸುಮ್ನೆ ಕೇಳಿ: ಒಂದು ಎಲ್ಲಿ ಹೋಯಿತು? ಅವರೇ ಕಿತ್ತುಹೋದ ಗಾಯ ಹುಡುಕಿ ತೋರಿಸುತ್ತಾರೆ.

ಈಗ ಹುಣಸೆ ಕೊಯ್ಲಿನ ಕಾಲ ಬೇರೆ. ಮನೆಯಲ್ಲಿ ಹುಣಸೆ ಕುಟ್ಟುತ್ತಾರೆ, ಬೀಜ ಬುಟ್ಟಿಗಟ್ಟಲೆ ಸಿಗುತ್ತದೆ. ಹತ್ತರ ಗುಂಪು, ಕೂಡುವುದು, ಕಳೆಯುವುದು ಎಲ್ಲಕ್ಕೂ ಅದೇ. ಒಂದು ಬದಿ ಉಜ್ಜಿ ಬೆಳ್ಳಗೆ ಮಾಡಿದರೆ ಚೌಕಾಬಾರಕ್ಕೂ ಆಯಿತು.

ಬಿಸಿಲೂರು ಟೀಚರ್, ಕಲಬುರಗಿ · ಜನವರಿ 30

ನಮ್ಮಲ್ಲಿ ವಸಂತ ಅಂದರೆ ಬಿಸಿಲು. ಮಾರ್ಚ್ ಕೊನೆಗೆ 40 ಡಿಗ್ರಿ ಹತ್ತಿರ ಹೋಗುತ್ತದೆ. ಹೊರಗಿನ ಚಟುವಟಿಕೆ ಏನಿದ್ದರೂ ಬೆಳಿಗ್ಗೆ ಹತ್ತರೊಳಗೆ ಮುಗಿಸಿಬಿಡಿ. ಮಕ್ಕಳ ತಲೆಗೆ ಟವೆಲ್, ಕೈಯಲ್ಲಿ ನೀರಿನ ಬಾಟಲಿ. ಬೇರೆ ಊರಿನವರಿಗೆ ಇದು ಸಣ್ಣ ಮಾತು ಅನ್ನಿಸಬಹುದು, ನಮಗೆ ಅಲ್ಲ.

ಆದರೆ ಬಿಸಿಲಿನಿಂದಲೇ ಒಂದು ಪಾಠ ಇದೆ. ಮಾರ್ಚ್ 20, 21ರ ಸುಮಾರಿಗೆ ಹಗಲು ರಾತ್ರಿ ಹೆಚ್ಚುಕಡಿಮೆ ಸಮ. ಅವತ್ತು ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ ಮಧ್ಯಾಹ್ನದ ನೆರಳು ಅಳೆಯಬೇಕು. ಹನ್ನೆರಡು ಗಂಟೆಗೆ ಅಲ್ಲ, ನಮ್ಮ ಕಡೆ ಸೂರ್ಯ ಅತಿ ಎತ್ತರಕ್ಕೆ ಬರುವುದು ಹನ್ನೆರಡೂವರೆ ಹೊತ್ತಿಗೆ. 12.15ರಿಂದ 12.45ರವರೆಗೆ ಐದೈದು ನಿಮಿಷಕ್ಕೆ ಗುರುತು ಹಾಕಿ, ಎಲ್ಲಕ್ಕಿಂತ ಗಿಡ್ಡ ನೆರಳು ಆರಿಸಿಕೊಳ್ಳಿ. ಬಿಸಿಲಲ್ಲಿ ನಿಲ್ಲುವುದು ಇಬ್ಬರೇ ಸಾಕು, ಉಳಿದವರು ಜಗಲಿಯಿಂದ ಹೊತ್ತು ಕೂಗಲಿ.

ಹೊಂಗೆಮರದ ಟೀಚರ್, ಅವತ್ತು ನೀವೂ ಅಳೆಯುತ್ತೀರಾ? ನಮ್ಮ ಊರು ಉತ್ತರಕ್ಕಿದೆ, ನಿಮ್ಮದು ದಕ್ಷಿಣಕ್ಕೆ. ನೆರಳು ಒಂದೇ ಅಳತೆ ಇರುತ್ತದೋ ಇಲ್ಲವೋ ಅಂತ ಮಕ್ಕಳಿಂದ ಮೊದಲೇ ಊಹೆ ಬರೆಸಿಡೋಣ.

ಹೊಂಗೆಮರದ ಟೀಚರ್ · ಜನವರಿ 30

ಖಂಡಿತ ಅಳೆಯುತ್ತೇವೆ! ದಾರ ಇವತ್ತೇ ಕಟ್ಟಿದೆವು. 13 ರೆಂಬೆ, 13 ಜೋಡಿ.

ಬೆಂಗಳೂರು ಅಮ್ಮ · ಫೆಬ್ರವರಿ 6

ನಾನು ಟೀಚರ್ ಅಲ್ಲ, ನಾಲ್ಕನೇ ಕ್ಲಾಸಿನ ಮಗಳ ಅಮ್ಮ. ಅವಳ ಶಾಲೆ ನಾಲ್ಕು ಮಹಡಿಯ ಕಟ್ಟಡ. ಅಂಗಳದಲ್ಲಿ ಮಣ್ಣೇ ಇಲ್ಲ. ಆದರೆ ರಸ್ತೆ ತುಂಬ ಟಬೇಬುಯಾ ಗುಲಾಬಿ ಬಣ್ಣದಲ್ಲಿ ಬಿಟ್ಟಿದೆ. ನಾವು ಮನೆಯಿಂದ ಶಾಲೆಗೆ ಹೋಗುವ ದಾರಿಯ ನಕ್ಷೆ ಬರೆದು, ಹೂ ಬಿಟ್ಟ ಮರಕ್ಕೆಲ್ಲ ಆಯಾ ಬಣ್ಣದ ಚುಕ್ಕಿ ಇಡುತ್ತಿದ್ದೇವೆ. ಫೆಬ್ರವರಿಗೆ ಗುಲಾಬಿ. ಆಮೇಲೆ ಹಳದಿ ಟಬೇಬುಯಾ, ನೇರಳೆ ಜಕರಂಡಾ, ಏಪ್ರಿಲ್‌ಗೆ ಕೆಂಪು ಗುಲ್‌ಮೊಹರ್. ನಕ್ಷೆಯ ಬಣ್ಣ ತಿಂಗಳಿಗೊಮ್ಮೆ ಬದಲಾಗುತ್ತದೆ.

ಒಂದರ ಹಿಂದೆ ಒಂದು ಮರ ಹೂ ಬಿಡುವ ಹಾಗೆ ಊರಲ್ಲಿ ನೆಡಬೇಕು ಅಂತ ಯೋಚಿಸಿದವರು ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಕ್ರುಂಬಿಗೆಲ್. 1908ರಲ್ಲಿ ಬೆಂಗಳೂರಿಗೆ ಬಂದವರು. ಮಗಳಿಗೆ ಇದು ಹೇಳಿದ ಮೇಲೆ ಪ್ರತಿ ಮರಕ್ಕೂ 'ಇದನ್ನು ಯಾರು ನೆಟ್ಟರು' ಅಂತ ಕೇಳುತ್ತಾಳೆ. ಮಣ್ಣಿಲ್ಲದ ಶಾಲೆಯವರು ಈ ನಕ್ಷೆ ಮಾಡಿಸಬಹುದು.

ನಿವೃತ್ತ ಮೇಷ್ಟ್ರು, ತುಮಕೂರು · ಫೆಬ್ರವರಿ 6

ನಕ್ಷೆ ತುಂಬಾ ಇಷ್ಟವಾಯಿತು ತಾಯಿ. ಒಂದು ಸೇರಿಸಿ. ಟಬೇಬುಯಾ, ಜಕರಂಡಾ ದಕ್ಷಿಣ ಅಮೆರಿಕದ ಕಡೆಯಿಂದ ಬಂದವು, ಗುಲ್‌ಮೊಹರ್ ಮಡಗಾಸ್ಕರಿನದು. ಹೊಂಗೆ, ಮುತ್ತುಗ, ಬೂರುಗ, ಕಕ್ಕೆ ನಮ್ಮವು. ಊರಿನ ಮರ, ನೆಂಟ ಮರ ಅಂತ ಎರಡು ಗುರುತು ಇಡಿಸಿ. ನೆಂಟರನ್ನು ಬೈಯುವುದು ಬೇಡ. ಆದರೆ ನಮ್ಮ ಮರ ಯಾವುದು ಅಂತ ಮಗುವಿಗೆ ಗೊತ್ತಿರಲಿ.

ಡ್ರೆಸ್ಡೆನ್ ಕನ್ನಡಿಗ · ಫೆಬ್ರವರಿ 8

ಕ್ರುಂಬಿಗೆಲ್ ಹೆಸರು ನೋಡಿ ಬರೆಯಲೇಬೇಕು ಅನ್ನಿಸಿತು. ಅವರು ಹುಟ್ಟಿದ ಲೋಮೆನ್ ಜರ್ಮನಿಯಲ್ಲಿ ನಾನಿರುವ ಈ ಊರಿನ ಪಕ್ಕದಲ್ಲೇ ಇದೆ. ಇಲ್ಲಿ ಭಾನುವಾರ ನಾವು ಕೆಲವರು ಸೇರಿ ಎಂಟು ಮಕ್ಕಳಿಗೆ ಕನ್ನಡ ಕಲಿಸುತ್ತೇವೆ.

ಟುಲಿಪ್ ಬಗ್ಗೆ ಓದಿ ಒಂದು ಮಾತು. ಈ ಮಕ್ಕಳಿಗೆ ಟುಲಿಪ್ ನಿಜವಾದ ವಸಂತ. ನೆಲದಲ್ಲಿ ಹಿಮ ಇರುವಾಗಲೇ ಗಡ್ಡೆಯಿಂದ ಮೊಳಕೆ ಇಣುಕುವುದನ್ನು ದಿನಾ ನೋಡುತ್ತಾರೆ. ಹಾಗಾಗಿ ಆ ವರ್ಕ್‌ಶೀಟಿನಲ್ಲಿ ತಪ್ಪಿಲ್ಲ, ಅದು ತಪ್ಪು ಊರಿಗೆ ಬಂದಿದೆ ಅಷ್ಟೇ. ನನ್ನ ಕಷ್ಟ ನಿಮ್ಮದರ ತಿರುವುಮುರುವು. 'ಬೇವು ಬೆಲ್ಲ' ಪಾಠ ಮಾಡುವಾಗ ಬೇವಿನ ಹೂ ತೋರಿಸಲು ನನ್ನ ಹತ್ತಿರ ಏನೂ ಇಲ್ಲ. ನಿಮ್ಮ ಮಕ್ಕಳು ಬಿಡಿಸಿದ ಹೊಂಗೆ, ಬೇವಿನ ಚಿತ್ರಗಳ ಫೋಟೊ ಕಳಿಸುತ್ತೀರಾ? ನಮ್ಮ ಮಕ್ಕಳು ಹಿಮದ ನಡುವೆ ಎದ್ದ ಹೂವು ಬಿಡಿಸಿ ಕನ್ನಡದಲ್ಲಿ ನಾಲ್ಕು ಸಾಲು ಬರೆದು ಕಳಿಸುತ್ತಾರೆ.

ಎಕ್ಕದ ಗಿಡ · ಫೆಬ್ರವರಿ 12

ಚಿಟ್ಟೆ ಬಗ್ಗೆ ಯಾರೂ ಹೇಳಲಿಲ್ಲ. ಕರಿಬೇವು ಅಥವಾ ನಿಂಬೆ ಗಿಡ ಇದ್ದರೆ ಎಲೆ ಮೇಲೆ ಹಕ್ಕಿ ಹಿಕ್ಕೆಯ ಹಾಗೆ ಕಾಣುವ ಪುಟ್ಟ ಹುಳ ಹುಡುಕಿಸಿ. ಅದು ನಿಂಬೆ ಚಿಟ್ಟೆಯ ಮರಿಹುಳ. ಹಕ್ಕಿ ಇದನ್ನು ಹಿಕ್ಕೆ ಅಂದುಕೊಂಡು ಬಿಟ್ಟುಬಿಡಲಿ ಅಂತ ಆ ವೇಷ. ದೊಡ್ಡದಾದ ಮೇಲೆ ಹಸಿರಾಗುತ್ತದೆ. ಮುಟ್ಟಿದರೆ ತಲೆ ಹಿಂದಿನಿಂದ ಎರಡು ಕೊಂಬು ಹೊರಗೆ ಹಾಕಿ ವಾಸನೆ ಬಿಡುತ್ತದೆ. ಮಕ್ಕಳು ಕಿರುಚಿ ನಗುತ್ತಾರೆ.

ಒಂದು ಎಚ್ಚರಿಕೆ, ನನ್ನ ಅನುಭವದಿಂದ. ಎಕ್ಕದ ಗಿಡದಲ್ಲಿ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳ ಸಿಗುತ್ತದೆ. ನೋಡಲು ಬಲು ಚಂದ. ಹಿಂದೆ ನಾನಿದ್ದ ಶಾಲೆಯಲ್ಲಿ ಅದನ್ನು ಡಬ್ಬಿಯಲ್ಲಿಟ್ಟು ಸಾಕುವಾಗ ಎಲೆ ಕಿತ್ತು ತರಲು ಮಕ್ಕಳನ್ನೇ ಕಳಿಸಿದೆ. ಒಬ್ಬಳು ಹಾಲು ಹತ್ತಿದ ಕೈಯಲ್ಲಿ ಕಣ್ಣು ಉಜ್ಜಿಕೊಂಡಳು. ತುಂಬಾ ಹೊತ್ತು ನೀರು ಹಾಕಿ ತೊಳೆದೆವು, ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಸಂಜೆಯೊಳಗೆ ಸರಿಹೋದಳು. ಆದರೆ ಆ ಕೆಲವು ಗಂಟೆ ನಾನು ಪಟ್ಟ ಭಯ ಹೇಳಲಾರೆ. ಎಕ್ಕದ ಎಲೆ ದೊಡ್ಡವರೇ ಕೀಳಬೇಕು. ಮಕ್ಕಳು ದೂರದಿಂದ ನೋಡಲಿ, ಸಾಕು.

ಪಶ್ಚಿಮಘಟ್ಟದ ಮೇಷ್ಟ್ರು, ಶಿರಸಿ · ಫೆಬ್ರವರಿ 12

ಹುಳವನ್ನು ಬಾಟಲಿಗೆ ಹಾಕಿ ಸಾಕುವುದು ನನಗೆ ಒಪ್ಪಿಗೆ ಇಲ್ಲ. ರಜೆ ಬಂದರೆ ಎಲೆ ಹಾಕುವವರಿಲ್ಲ, ಭಾನುವಾರ ಸತ್ತುಹೋಗುತ್ತದೆ. ಗಿಡದಲ್ಲೇ ನೋಡಲಿ.

ಎಕ್ಕದ ಗಿಡ · ಫೆಬ್ರವರಿ 13

ಗಿಡದಲ್ಲೇ ಬಿಟ್ಟರೆ ಮಾರನೇ ದಿನ ಹಕ್ಕಿ ತಿಂದಿರುತ್ತದೆ ಮೇಷ್ಟ್ರೇ. ಗೂಡಿನಿಂದ ಚಿಟ್ಟೆ ಹೊರಗೆ ಬರುವುದನ್ನು ಮಗು ಒಂದು ಸಲವಾದರೂ ನೋಡಲಿ ಅಂತ ನನ್ನ ಆಸೆ. ಒಂದು ಕ್ಲಾಸಿಗೆ ಒಂದೇ ಹುಳ. ದೊಡ್ಡ ಡಬ್ಬಿ, ಬಾಯಿಗೆ ತೆಳು ಬಟ್ಟೆ, ದಿನಾ ಹೊಸ ಎಲೆ. ಶನಿವಾರ ಒಬ್ಬರು ಮನೆಗೆ ತೆಗೆದುಕೊಂಡು ಹೋಗುವುದು. ಆಗುವುದಿಲ್ಲ ಅನ್ನುವವರು ತರಲೇಬಾರದು, ಅಷ್ಟು ಒಪ್ಪುತ್ತೇನೆ.

ಪಶ್ಚಿಮಘಟ್ಟದ ಮೇಷ್ಟ್ರು, ಶಿರಸಿ · ಫೆಬ್ರವರಿ 13

ಹಕ್ಕಿ ತಿಂದರೆ ಅದನ್ನೂ ಮಗು ಬರೆಯಲಿ. ಅದೂ ವಸಂತವೇ. ಹಕ್ಕಿಗೂ ಮರಿಗಳಿರುತ್ತವೆ. ಈ ವಿಷಯದಲ್ಲಿ ನಾವಿಬ್ಬರೂ ಬೇರೆ ಬೇರೆಯಾಗಿಯೇ ಇರೋಣ, ತೊಂದರೆ ಇಲ್ಲ.

ಕಾಫಿಹೂವು, ಮೂಡಿಗೆರೆ ಕಡೆ · ಫೆಬ್ರವರಿ 25

ನಮ್ಮಲ್ಲಿ ಇದೆಲ್ಲಕ್ಕೂ ಒಂದು ಮಳೆ ಬೀಳಬೇಕು. ಹೂಮಳೆ ಅನ್ನುತ್ತೇವೆ. ಅದು ಬಿದ್ದು ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ, ಮಲ್ಲಿಗೆಯ ಹಾಗೆ ಘಮ. ಮೂರು ನಾಲ್ಕು ದಿನದಲ್ಲಿ ಮುಗಿದೇಹೋಗುತ್ತದೆ. ಮಳೆ ಬಿದ್ದ ದಿನ ಬೋರ್ಡಿನ ಮೂಲೆಯಲ್ಲಿ ಬರೆದು, ಹೂ ಯಾವ ದಿನ ಅಂತ ಮಕ್ಕಳಿಂದ ಊಹೆ ಹೇಳಿಸುತ್ತೇನೆ. ಕ್ಯಾಲೆಂಡರ್ ನೋಡುವುದನ್ನು ಒಂದನೇ ಕ್ಲಾಸಿನವರೂ ಇದರಿಂದಲೇ ಕಲಿತರು.

ಎರಡನೇ ಕ್ಲಾಸಿನ ಮಿಸ್ · ಮಾರ್ಚ್ 2

ನಲಿಕಲಿ ಟೀಚರ್ ಹೇಳಿದ ಗೋಣಿಚೀಲದ ಆಟ ಮೂರು ವಾರ ಮಾಡಿದೆ. ಆರರಲ್ಲಿ ನಾಲ್ಕು ಮಕ್ಕಳು ಚೀಟಿ ಎಲ್ಲ ಓದುತ್ತಾರೆ. ಇನ್ನಿಬ್ಬರ ಜೊತೆ ಮುಂದುವರಿಸುತ್ತಿದ್ದೇನೆ.

ನನ್ನ ಕಡೆಯಿಂದಲೂ ಒಂದು. ಕಾಮನ ಹಬ್ಬದ ಮುಂಚೆ ಬಣ್ಣದ ಪಾಠ ಮಾಡಿದೆ. ಅರಿಶಿನ ನೀರಿಗೆ ಚಿಟಿಕೆ ಸುಣ್ಣ ನಾನೇ ಹಾಕಿ ತೋರಿಸಿದೆ. ಕಣ್ಣೆದುರೇ ಕೆಂಪಾಯಿತು. 'ಇದು ಆರತಿ ತಟ್ಟೆಯ ಓಕುಳಿ!' ಅಂತ ಮೂರು ಜನ ಒಟ್ಟಿಗೆ ಕೂಗಿದರು. ಆಮೇಲೆ ಕೆಂಪು ದಾಸವಾಳದ ಎಸಳನ್ನು ಬಿಳಿ ಹಾಳೆಗೆ ಉಜ್ಜಿಸಿದೆ. ನೇರಳೆ ಬಣ್ಣ ಹತ್ತಿತು. ಒಂದು ಕಡೆ ನಿಂಬೆರಸ, ಇನ್ನೊಂದು ಕಡೆ ಸೋಪಿನ ನೀರು. ಒಂದು ಗುಲಾಬಿ, ಒಂದು ಹಸಿರು. ಹೂವು ಕಿತ್ತಿದ್ದಲ್ಲ, ಹಿಂದಿನ ದಿನ ಉದುರಿದ್ದು.

ಹೊಂಗೆಮರದ ಟೀಚರ್ · ಮಾರ್ಚ್ 10

ಬರೆಯಲು ತಡವಾಯಿತು, ಕ್ಷಮಿಸಿ. ಮರ ನಮಗೆ ಪುರುಸೊತ್ತೇ ಕೊಡಲಿಲ್ಲ!

ಫೆಬ್ರವರಿ ಮಧ್ಯಕ್ಕೆ ಎಲೆ ಹಳದಿಯಾಗಿ ಉದುರಲು ಶುರು. ಗಂಟು ಗಂಟಿನಲ್ಲಿ ಅಕ್ಕಿಕಾಳಿನಷ್ಟು ಮೊಗ್ಗು. ಗುರುವಾರ ನೋಡಿದಾಗ ಮುಚ್ಚಿತ್ತು, ಸೋಮವಾರ ಬಂದರೆ ತಾಮ್ರ ಬೆರೆತ ತಿಳಿಹಸಿರು ಎಲೆ, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಇನ್ನೂ ಬಿಚ್ಚಿಕೊಳ್ಳದೆ ಕೈ ಮುಗಿದ ಹಾಗೆ ಕೆಳಕ್ಕೆ ಬಾಗಿತ್ತು. ಒಂದನೇ ಕ್ಲಾಸಿನ ಪುಟ್ಟಿ ಒಬ್ಬಳು ಮುಟ್ಟಿ ನೋಡಿ 'ನನ್ನ ತಮ್ಮನ ಕಿವಿ ಥರ ಇದೆ' ಅಂದಳು. ಅದನ್ನೇ ಗೋಡೆಯ ಮೇಲೆ ಬರೆಸಿದೆ.

ಏಳನೇ ದಾರದ ರೆಂಬೆ ಮೊದಲು ಚಿಗುರಿತು, ಎರಡನೇ ದಾರದ್ದು ಒಂಬತ್ತು ದಿನ ತಡ. ಒಂದೇ ಮರ, ಯಾಕೆ ಹೀಗೆ ಅಂತ ಮಕ್ಕಳಲ್ಲೇ ದೊಡ್ಡ ಚರ್ಚೆ. ಬಿಸಿಲು ಜಾಸ್ತಿ ಬೀಳುವ ಕಡೆ ಬೇಗ ಅಂತ ಒಂದು ಗುಂಪು, ಬೋರ್‌ವೆಲ್ ನೀರು ಹರಿಯುವ ಕಡೆ ಬೇಗ ಅಂತ ಇನ್ನೊಂದು. ನಾನು ಉತ್ತರ ಹೇಳಿಲ್ಲ.

ಉದುರಿದ ಹಳೇ ಎಲೆಯ ಮೇಲೆ ಬಿಳಿ ಮಚ್ಚೆ ನೋಡಿ ಮಕ್ಕಳು 'ಮರಕ್ಕೆ ರೋಗ' ಅಂದರು. ಹಸಿ ಎಲೆಯ ಒಂದು ಮಚ್ಚೆಯನ್ನು ಪಿನ್ನಿನಿಂದ ನಿಧಾನ ಬಿಡಿಸಿದೆವು. ಎಲೆಯ ಎರಡು ಪದರದ ನಡುವೆ ಕೂದಲಿನಷ್ಟು ಹುಳ! ಅದು ಒಳಗೇ ತಿನ್ನುತ್ತಾ ಹೋದ ದಾರಿಯೇ ಆ ಮಚ್ಚೆ. 20 ವರ್ಷದಿಂದ ಈ ಮಚ್ಚೆ ನೋಡುತ್ತಿದ್ದೇನೆ. ಒಳಗೆ ಮನೆ ಇದೆ ಅಂತ ನನಗೂ ಈಗಲೇ ಗೊತ್ತಾಗಿದ್ದು.

ಉರ್ದು ಶಾಲೆಯ ಕನ್ನಡ ಟೀಚರ್ · ಮಾರ್ಚ್ 11

ಯುಗಾದಿ ಹತ್ತಿರ ಬೇವಿನ ಹೂ, ಬೆಲ್ಲದ ರುಚಿ ನೋಡಿಸುವವರಿಗೆ ಒಂದು ಮಾತು. ಈಚಿನ ವರ್ಷಗಳಲ್ಲಿ ರಂಜಾನ್ ಉಪವಾಸ ಕೂಡ ಫೆಬ್ರವರಿ, ಮಾರ್ಚಿನಲ್ಲೇ ಬರುತ್ತಿದೆ. ಉಪವಾಸ ಇರುವ ಮಗುವನ್ನು 'ತಿನ್ನು' ಅಂತ ಒತ್ತಾಯಿಸಬೇಡಿ. ನಾನು ಆ ಮಕ್ಕಳಿಗೆ ಹೂವಿನ ವಾಸನೆ ನೋಡುವ, ಎಸಳು ಎಣಿಸುವ ಕೆಲಸ ಕೊಡುತ್ತೇನೆ. ಬೇವಿನ ಹೂವಿಗೆ ಐದು ಎಸಳು. ಅಷ್ಟು ಕಹಿ ಮರದ ಹೂವಿಗೆ ಜೇನಿನಂಥ ಪರಿಮಳ. ಮಕ್ಕಳಿಗೆ ಅದೇ ದೊಡ್ಡ ಆಶ್ಚರ್ಯ.

ಬಿಸಿಲೂರು ಟೀಚರ್, ಕಲಬುರಗಿ · ಮಾರ್ಚ್ 20

ಅಳೆದೆವು! 31 ಸೆಂಟಿಮೀಟರ್. ನಿಮ್ಮದು?

ಹೊಂಗೆಮರದ ಟೀಚರ್ · ಮಾರ್ಚ್ 20

25! ಎರಡು ಸಲ ಅಳೆದೆವು. ನಮ್ಮ ಮಕ್ಕಳಲ್ಲಿ 19 ಜನ 'ಒಂದೇ ಇರುತ್ತದೆ, ಸೂರ್ಯ ಒಬ್ಬನೇ ಅಲ್ವಾ' ಅಂತ ಬರೆದಿದ್ದರು. ನಿಮ್ಮ ಸಂಖ್ಯೆ ಬೋರ್ಡಿನ ಮೇಲೆ ಬರೆದ ಕೂಡಲೇ ಕ್ಲಾಸ್ ಪೂರ್ತಿ ನಿಶ್ಶಬ್ದ. ಆಮೇಲೆ ಐದನೇ ಕ್ಲಾಸಿನವಳೊಬ್ಬಳು ಎದ್ದು ಬಂದು ಫುಟ್‌ಬಾಲಿಗೆ ಎರಡು ಕಡೆ ಬೆಂಕಿಕಡ್ಡಿ ಅಂಟಿಸಿ, ಕಿಟಕಿಯ ಬಿಸಿಲಿಗೆ ಹಿಡಿದಳು. ಒಂದು ಕಡ್ಡಿಯ ನೆರಳು ಗಿಡ್ಡ, ಇನ್ನೊಂದರದು ಉದ್ದ. 'ಭೂಮಿ ಬಾಗಿದೆ ಮಿಸ್, ಅದಕ್ಕೇ' ಅಂದಳು. ನಾನು ಹೇಳಿಕೊಟ್ಟಿರಲಿಲ್ಲ.

ಬಿಸಿಲೂರು ಟೀಚರ್, ಕಲಬುರಗಿ · ಮಾರ್ಚ್ 20

ಅವಳಿಗೆ ನಮ್ಮ ಶಾಲೆಯ 41 ಮಕ್ಕಳಿಂದ ಚಪ್ಪಾಳೆ. ನಾಳೆ ನಾವೂ ಚೆಂಡು ತರುತ್ತೇವೆ.

ಡ್ರೆಸ್ಡೆನ್ ಕನ್ನಡಿಗ · ಮಾರ್ಚ್ 23

ಹೊಂಗೆ ಚಿತ್ರಗಳು ಬಂದವು, ತುಂಬಾ ಧನ್ಯವಾದ. 'ತಮ್ಮನ ಕಿವಿ ಥರ' ಅನ್ನುವ ಸಾಲನ್ನು ನಮ್ಮ ಮಕ್ಕಳು ಬಾಯಿಪಾಠ ಮಾಡಿದ್ದಾರೆ. ಇಲ್ಲೂ ಅದೇ ಕೋಲು ನಿಲ್ಲಿಸಿದೆವು. ನೆರಳು ಕೋಲಿಗಿಂತ ಉದ್ದ, ಒಂದು ಮೀಟರ್ 20ಕ್ಕಿಂತ ಜಾಸ್ತಿ. ನಿಮ್ಮ ಬೋರ್ಡಿನಲ್ಲಿ ಇದಕ್ಕೂ ಜಾಗ ಮಾಡಿ.

ಹೊಂಗೆಮರದ ಟೀಚರ್ · ಏಪ್ರಿಲ್ 9

ಇವತ್ತು 'ಸಮುದಾಯದತ್ತ ಶಾಲೆ' ಕಾರ್ಯಕ್ರಮ ಮುಗಿಯಿತು. ಫಲಿತಾಂಶ ನೋಡಲು ಬಂದ ಅಪ್ಪ ಅಮ್ಮಂದಿರು ಮೊದಲು ನಿಂತಿದ್ದು ಗೋಡೆಯ ಹತ್ತಿರ. 13 ರೆಂಬೆಗೆ 13 ಉದ್ದ ಹಾಳೆ, ಪ್ರತಿ ಹಾಳೆಯಲ್ಲಿ ಹತ್ತು ವಾರದ ಚಿತ್ರ. ಬೋಳು ಕೊಂಬೆಯಿಂದ ಶುರುವಾಗಿ ತಿಳಿ ನೇರಳೆ ಹೂವಿನವರೆಗೆ.

ಹೋದ ವರ್ಷ ಟುಲಿಪ್ ಎಲ್ಲಿದೆ ಅಂತ ಕೇಳಿದ ಹುಡುಗ ಈಗ ನಾಲ್ಕನೇ ಕ್ಲಾಸ್ ಮುಗಿಸಿದ್ದಾನೆ. ಅವನ ಅಜ್ಜಿ ಹಾಳೆ ನೋಡಿ 'ಹೂವು ಬಂತು, ಕಾಯಿ ಯಾವಾಗಪ್ಪ?' ಅಂದರು. ಅವನು ಮರದ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದ. ಒಂದೇ ಕೊಂಬೆಯಲ್ಲಿ ಹೋದ ವರ್ಷದ ಒಣಗಿದ ಕಾಯಿ, ಅದರ ಪಕ್ಕದಲ್ಲೇ ಈ ವರ್ಷದ ಹೂವು. ಹೂವು ಬಲಿತು ಕಾಯಾಗಲು ಹೆಚ್ಚುಕಡಿಮೆ ಒಂದು ವರ್ಷ ಬೇಕು ಅಂತ ಅಜ್ಜಿಗೆ ಅವನೇ ವಿವರಿಸಿದ.

ನಾಳೆಯಿಂದ ರಜೆ. ರೆಂಬೆಯ ನೋಟ್‌ಬುಕ್ ಬೀರುವಿನಲ್ಲಿಟ್ಟು ಬೀಗ ಹಾಕೋಣ ಅಂತಿದ್ದೆ. ಅವನ ಮನೆ ಶಾಲೆಯ ಎದುರಿಗೇ. 'ಮಿಸ್, ಮರಕ್ಕೆ ರಜೆ ಇಲ್ಲವಲ್ಲ' ಅಂತ ಹೇಳಿ ಪುಸ್ತಕ ಇಸಿದುಕೊಂಡು ಹೋದ. ಹಕ್ಕಿಗಳಿಗೆ ಇಟ್ಟ ಮಣ್ಣಿನ ತಟ್ಟೆಗೆ ನೀರು ಹಾಕುವ ಜವಾಬ್ದಾರಿಯೂ ಅವನದೇ. ಸೊಳ್ಳೆ ಮೊಟ್ಟೆ ಇಡದ ಹಾಗೆ ದಿನಾ ಚೆಲ್ಲಿ ಹೊಸ ನೀರು ಹಾಕಬೇಕು ಅಂತ ಹೇಳಿದ್ದೇನೆ.

ಬಿಸಿಲೂರು ಟೀಚರ್, ಕಲಬುರಗಿ · ಏಪ್ರಿಲ್ 9

ನಮ್ಮ ಬೇವಿನ ಮರದ ಪುಸ್ತಕವೂ ಒಬ್ಬಳ ಮನೆಗೆ ಹೋಯಿತು. ಶಾಲೆ ತೆರೆದ ವಾರ ಎರಡೂ ಪುಸ್ತಕದ ಫೋಟೊ ಇಲ್ಲೇ ಹಾಕೋಣ. ಅಷ್ಟರಲ್ಲಿ ನಮ್ಮಲ್ಲಿ ಬೇವಿನ ಹಣ್ಣು ಉದುರಲು ಶುರುವಾಗಿರುತ್ತದೆ.